ಆರೋಪಿಯ ಹಕ್ಕುಗಳು, ಸೆರೆವಾಸಕ್ಕೆ ಬದಲಾದ ಶಿಕ್ಷೆಗಳು ಮತ್ತು ಗ್ರಾಮ ಪಂಚಾಯತಿ ಸದಸ್ಯರ ಸಹಿ

ದಿನಾಂಕ 1.7.2024ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಹಳೆಯ ಸಾಕ್ಷ್ಯ ಕಾಯ್ದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿವೆ. ಕೃತ್ಯವು ಆ ದಿನಾಂಕಕ್ಕಿಂತ ಮೊದಲು ನಡೆದಿದ್ದಲ್ಲಿ ಅಪರಾಧ ಮತ್ತು ಶಿಕ್ಷೆಯ ಮಟ್ಟಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ. ಆದ್ದರಿಂದ ಯಾವುದೇ ಪ್ರಕರಣದ ಕುರಿತು ಸದಸ್ಯರನ್ನು ಸಲಹೆ ಕೇಳಲು ಬಂದವರಲ್ಲಿ ಮೊದಲು ವಿಚಾರಿಸಬೇಕಾದುದು ಘಟನೆ ನಡೆದ ದಿನಾಂಕವನ್ನು.

ಗ್ರಾಮ ಪಂಚಾಯತಿ ಸದಸ್ಯರಿಗೆ ಅಪರಾಧ ಕಾನೂನಿನೊಡನೆ ಇರುವ ಸಂಬಂಧ ಕೇವಲ ಲೋಕಾಭಿರಾಮದ್ದಲ್ಲ. ಸುರಕ್ಷಾ ಸಂಹಿತೆಯ ಕಲಂ 34ರಲ್ಲಿ ಗ್ರಾಮದ ವ್ಯವಹಾರಗಳಿಗೆ ಸಂಬಂಧಿಸಿದ ಅಧಿಕಾರಿ ಎಂಬ ಪದದೊಳಗೆ ಪಂಚಾಯತಿಯ ಸದಸ್ಯರನ್ನು ಸೇರಿಸಲಾಗಿದೆ. ಕಳವು ಮಾಲನ್ನು ಕೊಳ್ಳುವ ಕುಖ್ಯಾತ ವ್ಯಕ್ತಿ ಊರಿನಲ್ಲಿ ನೆಲೆಸಿದ್ದರೆ, ಘೋಷಿತ ಅಪರಾಧಿ ಬಂದು ಹೋಗುತ್ತಿದ್ದರೆ, ಅಸಹಜವಾದ ಅಥವಾ ಸಂಶಯಾಸ್ಪದವಾದ ಸಾವು ಸಂಭವಿಸಿದರೆ ಸಮೀಪದ ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣೆಗೆ ಕೂಡಲೇ ತಿಳಿಸುವುದು ಸದಸ್ಯರ ಶಾಸನಬದ್ಧ ಕರ್ತವ್ಯ. ಈ ಕರ್ತವ್ಯವನ್ನು ಬಹುತೇಕ ಸದಸ್ಯರು ಬಲ್ಲರು. ಅದೇ ಸಂಹಿತೆಯು ಆರೋಪಿಯ ರಕ್ಷಣೆಗೂ ಅದೇ ಸದಸ್ಯರ ಕೈಬರಹವನ್ನು ನೆಚ್ಚಿಕೊಂಡಿದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ದಸ್ತಗಿರಿಯ ಟಿಪ್ಪಣಿ, ಮಹಜರು, ಜಾಮೀನಿನ ಕಾಗದಗಳು, ವಯಸ್ಸಿನ ದಾಖಲೆ, ಈ ನಾಲ್ಕರಲ್ಲೂ ಪಂಚಾಯತಿಯ ಸಹಿ ಅಥವಾ ಮೊಹರು ಒಂದಲ್ಲ ಒಂದು ಹಂತದಲ್ಲಿ ಬರುತ್ತದೆ.

ದಸ್ತಗಿರಿಯ ವೇಳೆ

ಪೊಲೀಸರು ಕರೆದೊಯ್ದರು ಎಂಬ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ನ್ಯಾಯಾಲಯವು ತೀರ್ಪು ನೀಡುವವರೆಗೆ ಆತ ಆರೋಪಿ ಮಾತ್ರ. ಸಂವಿಧಾನದ 20(3)ನೇ ಅನುಚ್ಛೇದದ ಪ್ರಕಾರ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಒತ್ತಾಯಿಸುವಂತಿಲ್ಲ. 22ನೇ ಅನುಚ್ಛೇದವು ಬಂಧನದ ಕಾರಣವನ್ನು ತಿಳಿಯುವ, ತನ್ನ ಆಯ್ಕೆಯ ವಕೀಲರನ್ನು ಕಾಣುವ ಮತ್ತು ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕನ್ನು ನೀಡಿದೆ. ಪೊಲೀಸರ ಮುಂದೆ ಆರೋಪಿ ನೀಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ರುಜುವಾತುಪಡಿಸಲು ಸಾಕ್ಷ್ಯ ಅಧಿನಿಯಮದ ಕಲಂ 23 ಅವಕಾಶ ಕೊಡುವುದಿಲ್ಲ. ಹೀಗಿರುವಾಗ "ಠಾಣೆಯಲ್ಲಿ ಒಪ್ಪಿಕೊಂಡಿದ್ದಾನಂತೆ" ಎಂಬ ಮಾತನ್ನು ಗ್ರಾಮಸಭೆಯಲ್ಲಿ ತೀರ್ಪಿನಂತೆ ಉಚ್ಚರಿಸುವುದು ತರವಲ್ಲ.

ಸರ್ವೋಚ್ಚ ನ್ಯಾಯಾಲಯವು 1996ರ ಡಿ.ಕೆ. ಬಸು ಪ್ರಕರಣದಲ್ಲಿ ವಿಧಿಸಿದ ನಿಯಮಗಳು ಈಗ ಸುರಕ್ಷಾ ಸಂಹಿತೆಯ ಕಲಂ 36ರಲ್ಲಿ ಅಡಕವಾಗಿವೆ. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ದಸ್ತಗಿರಿಯ ಟಿಪ್ಪಣಿಯನ್ನು ಸ್ಥಳದಲ್ಲಿಯೇ ಸಿದ್ಧಪಡಿಸಬೇಕು. ಅದಕ್ಕೆ ಬಂಧಿತನ ಕುಟುಂಬದವರೊಬ್ಬರು ಅಥವಾ ಆ ಸ್ಥಳದ ಗೌರವಾನ್ವಿತ ವ್ಯಕ್ತಿಯೊಬ್ಬರು ಸಾಕ್ಷಿಯಾಗಿ ಸಹಿ ಮಾಡಬೇಕು. ಬಂಧಿತನೂ ಸಹಿ ಮಾಡಬೇಕು. ಮನೆಯವರು ಗಾಬರಿಯಲ್ಲಿರುವಾಗ ಈ ಸಹಿಗೆ ಸಹಜವಾಗಿ ವಾರ್ಡಿನ ಸದಸ್ಯರನ್ನೇ ಕರೆಯುತ್ತಾರೆ. ಸಹಿ ಹಾಕುವ ಮುನ್ನ ಸದಸ್ಯರು ನೋಡಬೇಕಾದ ಮುಖ್ಯ ಅಂಶವೊಂದಿದೆ: ಟಿಪ್ಪಣಿಯಲ್ಲಿ ಬರೆದ ಸಮಯ. ಬೆಳಗಿನ ಜಾವ ಕರೆದೊಯ್ದ ವ್ಯಕ್ತಿಯ ದಸ್ತಗಿರಿಯನ್ನು ಸಂಜೆಯದೆಂದು ಬರೆದರೆ 24 ಗಂಟೆಯ ಲೆಕ್ಕ ಅಲ್ಲಿಯೇ ತಪ್ಪುತ್ತದೆ. ಆ ಲೆಕ್ಕ ಆರೋಪಿಯ ಸ್ವಾತಂತ್ರ್ಯದ ಲೆಕ್ಕ. ಕಂಡ ಸಮಯವನ್ನೇ ಬರೆಯುವಂತೆ ಕೇಳುವುದು ತನಿಖೆಗೆ ಅಡ್ಡಿಪಡಿಸಿದಂತೆ ಆಗುವುದಿಲ್ಲ.

ಬಂಧನದ ಕಾರಣವನ್ನು ತಿಳಿಸುವುದು ಔಪಚಾರಿಕತೆಯಲ್ಲ, ಸಾಂವಿಧಾನಿಕ ಅಗತ್ಯ ಎಂದು ಸರ್ವೋಚ್ಚ ನ್ಯಾಯಾಲಯವು 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಪುನಃ ಸ್ಪಷ್ಟಪಡಿಸಿದೆ. ಬಂಧಿತನು ಸೂಚಿಸುವ ಬಂಧು ಅಥವಾ ಸ್ನೇಹಿತರಿಗೆ ಸುದ್ದಿ ಮುಟ್ಟಿಸುವುದು ಕಲಂ 48ರ ಅನ್ವಯ ಪೊಲೀಸರ ಹೊಣೆ. ಮಹಿಳೆಯನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುನ್ನ ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಿದ್ದಲ್ಲಿ ಮಹಿಳಾ ಅಧಿಕಾರಿಯು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಲಿಖಿತ ಪೂರ್ವಾನುಮತಿ ಪಡೆದಿರಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ 60 ವರ್ಷ ಮೀರಿದವರನ್ನು ಅಥವಾ ಅಶಕ್ತರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು. ಬಂಧನ ಅಗತ್ಯವಿಲ್ಲದ ಪ್ರಕರಣಗಳಲ್ಲಿ ಕಲಂ 35(3)ರಡಿ ಹಾಜರಾತಿಯ ನೋಟಿಸು ಬರುತ್ತದೆ. ನೋಟಿಸನ್ನು ಕಂಡು ಊರು ಬಿಟ್ಟು ಹೋಗುವುದೇ ದೊಡ್ಡ ಅಪಾಯ. ನೋಟಿಸಿನಂತೆ ಹಾಜರಾಗುತ್ತಿರುವವನನ್ನು, ಕಾರಣ ಬರೆದು ದಾಖಲಿಸಿದ ಹೊರತು ಬಂಧಿಸುವಂತಿಲ್ಲ. ತಪ್ಪಿಸಿಕೊಂಡವನಿಗೆ ಆ ರಕ್ಷಣೆಯಿಲ್ಲ.

ಊರಿನಲ್ಲಿ ಕಳವಾದೊಡನೆ ಊರ ಹೊರಗಿನ ಗುಡಾರಗಳತ್ತ ಮೊದಲು ಬೆರಳು ತೋರಿಸುವ ಹಳೆಯ ಅಭ್ಯಾಸವೊಂದಿದೆ. ಹುಟ್ಟಿನಿಂದಲೇ ಕೆಲವು ಸಮುದಾಯಗಳನ್ನು ಅಪರಾಧಿಗಳೆಂದು ಕರೆದ ಬ್ರಿಟಿಷರ ಕಾಲದ ಕಾಯ್ದೆ 1952ರಲ್ಲಿಯೇ ರದ್ದಾಗಿದೆ. ಕಾಯ್ದೆ ಹೋದರೂ ಬೆರಳು ಇನ್ನೂ ಅತ್ತಲೇ ತಿರುಗುತ್ತಿದ್ದರೆ ಅದನ್ನು ತಡೆಯಬೇಕಾದವರು ಸದಸ್ಯರೇ.

ಮಹಜರಿನ ಸಹಿ

ಶೋಧನೆಯ ವೇಳೆ ಆ ಸ್ಥಳದ ಇಬ್ಬರು ಅಥವಾ ಹೆಚ್ಚು ಸ್ವತಂತ್ರ, ಗೌರವಾನ್ವಿತ ನಿವಾಸಿಗಳು ಪಂಚರಾಗಿರಬೇಕೆಂದು ಕಲಂ 103 ಹೇಳುತ್ತದೆ. ಸದಸ್ಯರು, ಬಿಲ್ ಕಲೆಕ್ಟರ್, ನೀರುಗಂಟಿ ಇವರನ್ನು ಪಂಚರನ್ನಾಗಿ ಕರೆಯುವುದು ವಾಡಿಕೆ. ಕಾಮಗಾರಿಯನ್ನು ಅಳೆಯದೆ ಅಳತೆ ಪುಸ್ತಕಕ್ಕೆ ಸಹಿ ಹಾಕುವುದು ಎಷ್ಟು ದೊಡ್ಡ ತಪ್ಪೋ, ಕಾಣದ ವಸ್ತುವನ್ನು ಕಂಡೆನೆಂದು ಮಹಜರಿಗೆ ಸಹಿ ಹಾಕುವುದು ಅದಕ್ಕಿಂತ ದೊಡ್ಡ ತಪ್ಪು. ಅಲ್ಲಿ ಹಣ ನಷ್ಟವಾದೀತು. ಇಲ್ಲಿ ನಿರಪರಾಧಿಯೊಬ್ಬ ಜೈಲು ಸೇರಬಹುದು, ಇಲ್ಲವೇ ನಿಜವಾದ ಅಪರಾಧಿಯೊಬ್ಬ ಪಾಟೀಸವಾಲಿನಲ್ಲಿ ಪಂಚರು ತಬ್ಬಿಬ್ಬಾದ ಕಾರಣಕ್ಕೆ ಬಿಡುಗಡೆಯಾಗಬಹುದು. ಖಾಲಿ ಹಾಳೆಗೆ ಸಹಿ ಹಾಕಬಾರದು, ಠಾಣೆಯಲ್ಲಿ ಕುಳಿತು ತೋಟದ ಮಹಜರಿಗೆ ಸಹಿ ಹಾಕಬಾರದು. ಓದಿ ಹೇಳಿಸಿಕೊಂಡ ನಂತರವೇ ಸಹಿ. ಈಗ ಕಲಂ 105ರ ಪ್ರಕಾರ ಶೋಧನೆ ಮತ್ತು ವಶಪಡಿಸಿಕೊಳ್ಳುವಿಕೆಯನ್ನು ಧ್ವನಿ ಸಹಿತ ಚಿತ್ರೀಕರಿಸಬೇಕಾಗಿರುವುದರಿಂದ ಪಂಚರು ಸ್ಥಳದಲ್ಲಿದ್ದರೇ ಇಲ್ಲವೇ ಎಂಬುದು ದೃಶ್ಯದಲ್ಲಿಯೇ ಗೊತ್ತಾಗುತ್ತದೆ.

ದೂರಿನಲ್ಲಿ ಹೆಸರು ಸೇರಿಸುವುದು

ಬಗರ್‌ಹುಕುಂ ಜಮೀನು, ಬೇಲಿ, ತೋಟದ ದಾರಿ, ಕಾಲುವೆ ನೀರು ಇವುಗಳ ಜಗಳ ಹೊಡೆದಾಟಕ್ಕೆ ತಿರುಗಿದಾಗ ದೂರಿನಲ್ಲಿ ಹೊಡೆದ ಇಬ್ಬರ ಜೊತೆಗೆ ಅವರ ಅಣ್ಣ, ಭಾವಮೈದುನ, ಊರಿನಲ್ಲಿಯೇ ಇಲ್ಲದಿದ್ದ ಮಗ ಇವರ ಹೆಸರುಗಳೂ ಸೇರುವುದುಂಟು. ಇದರ ಪರಿಣಾಮ ಬರೆಸುವವರ ಊಹೆಗಿಂತ ದೊಡ್ಡದು. ಐವರು ಅಥವಾ ಹೆಚ್ಚು ಜನ ಸಮಾನ ದುರುದ್ದೇಶದಿಂದ ಸೇರಿದರೆ ಅದು ನ್ಯಾಯ ಸಂಹಿತೆಯ ಕಲಂ 189ರಡಿ ಕಾನೂನುಬಾಹಿರ ಕೂಟವಾಗುತ್ತದೆ. ಕಲಂ 190ರಂತೆ ಆ ಕೂಟದ ಉದ್ದೇಶ ಸಾಧನೆಗಾಗಿ ಒಬ್ಬ ಮಾಡಿದ ಅಪರಾಧಕ್ಕೆ ಕೂಟದ ಪ್ರತಿಯೊಬ್ಬ ಸದಸ್ಯನೂ ಹೊಣೆ. ಅಂದರೆ ನಾಲ್ಕನೆಯ ಹೆಸರಿಗೂ ಐದನೆಯ ಹೆಸರಿಗೂ ನಡುವೆ ಕಾನೂನಿನ ಸ್ವರೂಪವೇ ಬದಲಾಗುತ್ತದೆ. ಗುಂಪಿನ ಪ್ರಕರಣಗಳ ಭಾರ ಈ ಜಿಲ್ಲೆಗೆ ಹೊಸತಲ್ಲ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಹತರಾದ ಮೇಲೆ ಹೆಂಗಸರೂ ಸೇರಿದಂತೆ ಅನೇಕರು ಆರೋಪಿಗಳಾದರು, 1943ರ ಮಾರ್ಚ್‌ನಲ್ಲಿ ಐವರು ಗಲ್ಲಿಗೇರಿದರು. ಅದು ಪರಕೀಯ ಆಳ್ವಿಕೆಯ ಕಾಲ. ಇಂದಿನ ಬೇಲಿ ಜಗಳಕ್ಕೆ ಹೋಲಿಕೆಯಿಲ್ಲ. ಆದರೆ ಒಂದು ಊರಿನ ಮನೆ ಮನೆಗೂ ಮೊಕದ್ದಮೆ ಬಂದರೆ ಏನಾಗುತ್ತದೆಂಬುದನ್ನು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ.

ದೂರು ಬರೆಸಲು ನೆರವಾಗುವ ಸದಸ್ಯರು ಕಂಡವರ ಹೆಸರನ್ನು ಮಾತ್ರ ಬರೆಸತಕ್ಕದ್ದು. ಘಟನೆ ಪೇಪರ್ ಟೌನ್ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದು ನೊಂದವರು ಹೊಳೆಹೊನ್ನೂರು ಠಾಣೆಗೆ ಹೋದರೂ ಕಲಂ 173ರ ಪ್ರಕಾರ ವ್ಯಾಪ್ತಿಯ ನೆಪದಿಂದ ಮಾಹಿತಿಯನ್ನು ನಿರಾಕರಿಸುವಂತಿಲ್ಲ. ಪ್ರಥಮ ವರ್ತಮಾನ ವರದಿಯ ಪ್ರತಿ ದೂರುದಾರರಿಗೆ ಉಚಿತ.

ವಕೀಲರು

ವಕೀಲರನ್ನು ನೇಮಿಸಿಕೊಳ್ಳಲು ಸಾಧ್ಯವಿಲ್ಲದ ಆರೋಪಿಗೆ ರಾಜ್ಯದ ವೆಚ್ಚದಲ್ಲಿ ವಕೀಲರನ್ನು ಒದಗಿಸಬೇಕೆಂದು ಸುರಕ್ಷಾ ಸಂಹಿತೆಯ ಕಲಂ 341 ವಿಧಿಸುತ್ತದೆ. ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರು ಹಾಗೂ ಅಭಿರಕ್ಷೆಯಲ್ಲಿರುವವರು ಉಚಿತ ನೆರವಿಗೆ ಅರ್ಹರು. ಇವರಿಗೆ ಆದಾಯದ ಮಿತಿಯಿಲ್ಲ. ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆದಾಡಿಸುವ ಅಗತ್ಯವೂ ಇಲ್ಲ. ಶಿವಮೊಗ್ಗದಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಭದ್ರಾವತಿಯ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇವೆ. ರಾಷ್ಟ್ರೀಯ ಸಹಾಯವಾಣಿ 15100. ಪುಕ್ಕಟೆ ವಕೀಲರು ಗಮನ ಕೊಡುವುದಿಲ್ಲವೆಂಬ ಮಾತು ಹಳ್ಳಿಗಳಲ್ಲಿ ಬೇರೂರಿದೆ. ಆರೋಪಿಗಳ ಪರವಾಗಿ ಪೂರ್ಣಾವಧಿ ಕೆಲಸ ಮಾಡುವ ರಕ್ಷಣಾ ವಕೀಲರ ವ್ಯವಸ್ಥೆಯನ್ನು ರಾಷ್ಟ್ರೀಯ ಪ್ರಾಧಿಕಾರವು 2022ರಲ್ಲಿ ರೂಪಿಸಿರುವುದು ಈ ದೂರನ್ನು ನಿವಾರಿಸಲೆಂದೇ. ಎಮ್ಮೆ ಮಾರಿ, ಒಡವೆ ಅಡವಿಟ್ಟು ಮಧ್ಯವರ್ತಿಯ ಮೂಲಕ ವಕೀಲರನ್ನು ಹುಡುಕುವ ಮುನ್ನ ಸಮಿತಿಯ ಕಚೇರಿಗೆ ಹೋಗುವಂತೆ ಸದಸ್ಯರು ತಿಳಿಸಬೇಕು.

ಜಾಮೀನು ಸಿಕ್ಕಿಯೂ ಜೈಲಿನಲ್ಲಿ

ಶಿವಮೊಗ್ಗ ನಗರದ ಹೊರವಲಯದ ಸೋಗಾನೆಯಲ್ಲಿ ಕೇಂದ್ರ ಕಾರಾಗೃಹವಿದೆ. ಜಾಮೀನು ಮಂಜೂರಾದರೂ ಜಾಮೀನುದಾರರು ದೊರಕದೆ ಒಳಗೇ ಉಳಿಯುವುದು ದೇಶದ ಎಲ್ಲ ಕಾರಾಗೃಹಗಳಲ್ಲಿಯೂ ಕಾಣುವ ಸ್ಥಿತಿ. ಇದರ ಕುರಿತ ಹಳೆಯ ತೀರ್ಪೊಂದು ಗ್ರಾಮೀಣ ಜನಪ್ರತಿನಿಧಿಗಳು ತಿಳಿದಿರಬೇಕಾದುದು. ಮಧ್ಯಪ್ರದೇಶದ ಮೋತಿರಾಂ ಎಂಬ ಗಾರೆ ಕೆಲಸಗಾರನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಗಳ ಜಾಮೀನು ಕೇಳಿದರು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಆತನ ಭದ್ರತೆಯನ್ನು ತಿರಸ್ಕರಿಸಿದರು. 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇದನ್ನು ತಪ್ಪೆಂದು ಹೇಳಿ, 1,000 ರೂಪಾಯಿಗಳ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಲು ಆದೇಶಿಸಿದರು. ಹೊರಜಿಲ್ಲೆಯಿಂದ ಭದ್ರಾವತಿಗೆ ಕೆಲಸಕ್ಕೆ ಬಂದವರಿಗೂ, ಇಲ್ಲಿಂದ ಹೊರಗೆ ದುಡಿಯಲು ಹೋದವರಿಗೂ ಇದು ಸಮನಾಗಿ ಅನ್ವಯಿಸುತ್ತದೆ.

ಮುಚ್ಚಳಿಕೆಯ ಮೊತ್ತ ವಿಪರೀತವಾಗಿರಬಾರದೆಂದು ಸುರಕ್ಷಾ ಸಂಹಿತೆಯ ಕಲಂ 484 ಹೇಳುತ್ತದೆ. ಜಾಮೀನೀಯ ಅಪರಾಧದಲ್ಲಿ ಬಂಧಿತನಾದವನು ಒಂದು ವಾರದೊಳಗೆ ಜಾಮೀನುದಾರರನ್ನು ಒದಗಿಸದಿದ್ದರೆ ಅವನನ್ನು ನಿರ್ಗತಿಕನೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಕಲಂ 478 ತಿಳಿಸುತ್ತದೆ. ಸರ್ವೋಚ್ಚ ನ್ಯಾಯಾಲಯದ 31.1.2023ರ ನಿರ್ದೇಶನದಂತೆ, ಜಾಮೀನು ಆದೇಶವಾದ ಏಳು ದಿನಗಳಲ್ಲಿ ಕೈದಿ ಬಿಡುಗಡೆಯಾಗದಿದ್ದರೆ ಕಾರಾಗೃಹದ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಮುಚ್ಚಳಿಕೆ ಸಲ್ಲಿಕೆಯಾಗದಿದ್ದರೆ ನ್ಯಾಯಾಲಯವು ತಾನಾಗಿಯೇ ಷರತ್ತನ್ನು ಸಡಿಲಿಸಲು ಪರಿಶೀಲಿಸಬಹುದು. ಬಡ ಕೈದಿಗಳ ನೆರವಿಗಾಗಿ ಕೇಂದ್ರ ಸರ್ಕಾರವು 2023ರಲ್ಲಿ ಜಾರಿಗೊಳಿಸಿದ ಯೋಜನೆಯಲ್ಲಿ ಜಿಲ್ಲಾ ಮಟ್ಟದ ಸಮಿತಿಯ ಮೂಲಕ ವಿಚಾರಣಾಧೀನ ಕೈದಿಯ ಜಾಮೀನಿಗೆ ಮತ್ತು ದಂಡ ಕಟ್ಟಲಾಗದೆ ಉಳಿದ ಶಿಕ್ಷಿತನಿಗೆ ನೆರವಿನ ಅವಕಾಶವಿದೆ. ಮಾದಕ ವಸ್ತು, ಭ್ರಷ್ಟಾಚಾರದಂತಹ ಪ್ರಕರಣಗಳು ಇದರಿಂದ ಹೊರಗಿವೆ.

ಕಲಂ 479 ಇನ್ನೊಂದು ದಾರಿ. ಆರೋಪಿತ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು ವಿಚಾರಣಾಧೀನನಾಗಿಯೇ ಕಳೆದವನನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆಂದೂ ಶಿಕ್ಷೆಗೊಳಗಾಗದವನಿಗೆ ಮೂರನೆಯ ಒಂದು ಭಾಗ ಸಾಕು. ಮೂರು ವರ್ಷ ಗರಿಷ್ಠ ಶಿಕ್ಷೆಯ ಕಳವಿನಲ್ಲಿ ಅದು ಒಂದು ವರ್ಷವಾಗುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿದ್ದರೂ ಈ ಕಲಮಿನ ಪ್ರಯೋಜನ ದೊರೆಯದು. 1.7.2024ಕ್ಕೆ ಮುಂಚಿನ ಪ್ರಕರಣಗಳ ವಿಚಾರಣಾಧೀನರಿಗೂ ಇದು ಅನ್ವಯವೆಂದು ಸರ್ವೋಚ್ಚ ನ್ಯಾಯಾಲಯವು 23.8.2024ರಂದು ಆದೇಶಿಸಿದೆ. ಅರ್ಜಿ ಸಲ್ಲಿಸುವ ಹೊಣೆ ಕಾರಾಗೃಹದ ಅಧೀಕ್ಷಕರದ್ದು. ಆದರೂ ಮನೆಯವರು ದಿನಗಳನ್ನು ಎಣಿಸಿ ವಕೀಲರಿಗೆ ನೆನಪಿಸುವುದು ಒಳಿತು.

ಪಂಚಾಯತಿಯ ಪಾಲು ಇಲ್ಲಿ ಚಿಕ್ಕದಾದರೂ ನಿರ್ಣಾಯಕ. ಜಾಮೀನುದಾರರು ಪಹಣಿಯೊಂದಿಗೆ ಮನೆಯ ತೆರಿಗೆ ರಸೀದಿ, ಇ-ಸ್ವತ್ತಿನ ನಮೂನೆ 9 ಮತ್ತು 11 ಮುಂತಾದ ಕಾಗದಗಳನ್ನು ಹಿಡಿದು ಹೋಗುತ್ತಾರೆ. ಕಾಗದ ಎರಡು ದಿನ ತಡವಾದರೆ ಒಳಗಿರುವವನಿಗೆ ಎರಡು ರಾತ್ರಿ ಹೆಚ್ಚಾಗುತ್ತದೆ. ಬಾಕಿ ತೆರಿಗೆಯ ನೆಪದಲ್ಲಿ ಅಥವಾ ಎದುರು ಪಕ್ಷದವನೆಂಬ ಕಾರಣಕ್ಕೆ ದಾಖಲೆ ತಡೆಹಿಡಿಯುವುದು ಅಧಿಕಾರದ ದುರ್ಬಳಕೆ.

ಸೆರೆವಾಸಕ್ಕೆ ಬದಲು

ನ್ಯಾಯ ಸಂಹಿತೆಯ ಕಲಂ 4ರಲ್ಲಿ ಸಮುದಾಯ ಸೇವೆಯನ್ನು ಮೊದಲ ಬಾರಿಗೆ ಶಿಕ್ಷೆಯ ಪಟ್ಟಿಯಲ್ಲಿ ಸೇರಿಸಲಾಗಿದೆ. ಅಡಿಕೆಯ ಸೀಮೆಯಾದ ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳಲ್ಲಿ ಇದರ ಅರ್ಥ ಅಡಿಕೆ ಕಳವಿನ ಉದಾಹರಣೆಯಿಂದಲೇ ಚೆನ್ನಾಗಿ ತಿಳಿಯುತ್ತದೆ. ತೋಟದ ಮರದಿಂದ ಒಬ್ಬ ಯುವಕ ನಾಲ್ಕಾರು ಗೊನೆ ಕೊಯ್ದನೆಂದು ಇಟ್ಟುಕೊಳ್ಳಿ. ಮೌಲ್ಯ 5,000 ರೂಪಾಯಿಗಳಿಗಿಂತ ಕಡಿಮೆ, ಹಿಂದೆ ಶಿಕ್ಷೆಯಾಗಿಲ್ಲ, ಮಾಲನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದ್ದಾನೆ. ಕಲಂ 303(2)ರ ಪರಂತುಕದಂತೆ ಅವನಿಗೆ ವಿಧಿಸಬೇಕಾದ ಶಿಕ್ಷೆ ಸಮುದಾಯ ಸೇವೆ. ಇದು ಅಸಂಜ್ಞೇಯ ಹಾಗೂ ಜಾಮೀನೀಯ ಅಪರಾಧ. ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಅದೇ ಯುವಕ ಅಷ್ಟೇ ಅಡಿಕೆಯನ್ನು ದಾಸ್ತಾನು ಮನೆಯೊಳಗಿನಿಂದ ಎತ್ತಿದ್ದರೆ ಕಲಂ 305 ಅನ್ವಯಿಸಿ ಏಳು ವರ್ಷಗಳವರೆಗೆ ಸೆರೆವಾಸ ಆಗಬಹುದು. ಚೀಲದ ತೂಕ ಒಂದೇ. ಎಲ್ಲಿಂದ ತೆಗೆದನೆಂಬುದು ಬೇರೆ. ದೂರಿನಲ್ಲಿ ಮಾಲಿನ ಬೆಲೆಯನ್ನು ಉಬ್ಬಿಸಿ ಬರೆಸಿದರೆ ಅಥವಾ ಸ್ಥಳವನ್ನು ತಪ್ಪಾಗಿ ಬರೆಸಿದರೆ ಒಬ್ಬ ಹುಡುಗನ ಜೀವನದ ದಿಕ್ಕೇ ಬದಲಾಗುವುದು ಈ ಕಾರಣದಿಂದ.

ಸಾರ್ವಜನಿಕ ಸ್ಥಳದಲ್ಲಿ ಕುಡಿದು ದುರ್ವರ್ತನೆ, ಮಾನನಷ್ಟ, ಘೋಷಣೆಯ ನಂತರವೂ ನ್ಯಾಯಾಲಯಕ್ಕೆ ಹಾಜರಾಗದಿರುವುದು ಮುಂತಾದ ಕೆಲವೇ ಅಪರಾಧಗಳಿಗೆ ಈ ಶಿಕ್ಷೆ ಲಭ್ಯ. ಸಮುದಾಯ ಸೇವೆಯೆಂದರೆ ಸಮುದಾಯಕ್ಕೆ ಉಪಯೋಗವಾಗುವಂತೆ ನ್ಯಾಯಾಲಯ ಆದೇಶಿಸುವ, ಸಂಭಾವನೆಯಿಲ್ಲದ ಕೆಲಸವೆಂದು ಸುರಕ್ಷಾ ಸಂಹಿತೆಯ ಕಲಂ 23ರ ವಿವರಣೆ ತಿಳಿಸುತ್ತದೆ. ಯಾವ ಕೆಲಸ, ಎಷ್ಟು ದಿನ ಎಂಬುದನ್ನು ನ್ಯಾಯಾಲಯವೇ ನಿರ್ಧರಿಸುತ್ತದೆ. ಅಂತಹ ಆದೇಶವು ಗ್ರಾಮ ಪಂಚಾಯತಿಯನ್ನು ಹೆಸರಿಸಿ ಬಂದಲ್ಲಿ ಹಾಜರಾತಿಯನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ ನ್ಯಾಯಾಲಯಕ್ಕೆ ವರದಿ ಮಾಡುವುದು ಸೂಕ್ತ. ಆ ದಿನಗಳನ್ನು ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿಗೆ ಸೇರಿಸಿದರೆ ಅದು ಬೇರೆಯೇ ಅಕ್ರಮವಾಗುತ್ತದೆ. ಆದೇಶದಲ್ಲಿಲ್ಲದ ಕೆಲಸ ಮಾಡಿಸುವುದು, ಕೊರಳಿಗೆ ಫಲಕ ತೂಗುಹಾಕಿ ಮೆರವಣಿಗೆ ಮಾಡಿಸುವುದು, ಫೋಟೋ ತೆಗೆದು ವಾಟ್ಸಾಪ್ ಗುಂಪುಗಳಿಗೆ ಹಾಕುವುದು ಇವು ಯಾವುವೂ ಶಿಕ್ಷೆಯ ಭಾಗವಲ್ಲ.

ಸಮುದಾಯ ಸೇವೆ ಹೊಸದು. ಅದಕ್ಕಿಂತ ವಿಶಾಲವಾದ ಅವಕಾಶ 1958ರಿಂದಲೇ ಇದೆ. ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದ ಕಲಂ 3ರಡಿ ಸಣ್ಣ ಅಪರಾಧದಲ್ಲಿ ಮೊದಲ ಬಾರಿ ದೋಷಿಯಾದವನನ್ನು ಎಚ್ಚರಿಕೆ ನೀಡಿ ಬಿಡಬಹುದು. ಕಲಂ 4ರಡಿ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗದ ಅಪರಾಧಗಳಲ್ಲಿ, ಮೂರು ವರ್ಷ ಮೀರದ ಅವಧಿಗೆ ಸನ್ನಡತೆಯ ಮುಚ್ಚಳಿಕೆ ಪಡೆದು ಬಿಡಬಹುದು. 21 ವರ್ಷದೊಳಗಿನವರನ್ನು ಸೆರೆವಾಸಕ್ಕೆ ಕಳುಹಿಸಬೇಕಾದರೆ ನ್ಯಾಯಾಲಯವು ಪರಿವೀಕ್ಷಣಾಧಿಕಾರಿಯ ವರದಿಯನ್ನು ಪರಿಶೀಲಿಸಿ, ಕಾರಣಗಳನ್ನು ಬರೆಯಬೇಕೆಂದು ಕಲಂ 6 ಹೇಳುತ್ತದೆ. ಈ ಅಧಿನಿಯಮದಡಿ ಬಿಡುಗಡೆಯಾದವನಿಗೆ ಶಿಕ್ಷೆಯಿಂದ ಉಂಟಾಗುವ ಅನರ್ಹತೆ ತಟ್ಟದು ಎಂಬುದು ಕಲಂ 12. ದೋಷಿ ಎಂಬ ತೀರ್ಪು ಅಳಿಸಿಹೋಗುವುದೆಂದು ಮಾತ್ರ ಇದನ್ನು ತಿಳಿಯಬಾರದು. ದೌರ್ಜನ್ಯ ತಡೆ ಕಾಯ್ದೆಯಡಿ ದೋಷಿಯಾದ 18 ವರ್ಷ ಮೀರಿದವರಿಗೆ ಪರಿವೀಕ್ಷಣೆಯ ಸೌಲಭ್ಯವಿಲ್ಲ.

ಪರಿವೀಕ್ಷಣಾಧಿಕಾರಿ ಊರಿಗೆ ಬಂದು ನಡತೆ, ಮನೆಯ ಸ್ಥಿತಿ, ದುಡಿಮೆ ವಿಚಾರಿಸುತ್ತಾರೆ. ಸದಸ್ಯರು ಆಗ ಹೇಳುವ ಎರಡು ವಾಕ್ಯಗಳು ಆ ವರದಿಯಲ್ಲಿ ಸೇರಿ ನ್ಯಾಯಾಧೀಶರ ಮೇಜಿಗೆ ಹೋಗಬಹುದು. ಕಳೆದ ಚುನಾವಣೆಯಲ್ಲಿ ಯಾರ ಪರ ಓಡಾಡಿದನೆಂಬುದು ನಡತೆಯ ವರದಿಗೆ ಸಂಬಂಧಿಸಿದ್ದಲ್ಲ.

ರಾಜಿಯ ವಿಷಯದಲ್ಲಿ ಗೊಂದಲ ಹೆಚ್ಚು. ಸಾಧಾರಣ ಗಾಯ, ಅಡ್ಡಗಟ್ಟುವಿಕೆ, ಅತಿಕ್ರಮ ಪ್ರವೇಶದಂತಹ ಅಪರಾಧಗಳನ್ನು ಕಲಂ 359ರಂತೆ ನೊಂದವರು ರಾಜಿ ಮಾಡಿಕೊಳ್ಳಬಹುದು; ಲೋಕ ಅದಾಲತ್‌ನಲ್ಲಿಯೂ ತೀರಿಸಿಕೊಳ್ಳಬಹುದು. ರಾಜಿಯ ಹಕ್ಕು ನೊಂದವರದ್ದು, ಊರಿನದ್ದಲ್ಲ. ದೇವಸ್ಥಾನದ ಕಟ್ಟೆಯ ಮೇಲೆ ದಂಡ ವಿಧಿಸುವುದಕ್ಕಾಗಲಿ, ಬಹಿಷ್ಕಾರ ಹಾಕುವುದಕ್ಕಾಗಲಿ ಯಾವ ಪಂಚಾಯತಿಗೂ ಅಧಿಕಾರವಿಲ್ಲ. ಮಗುವಿನ ಮೇಲಿನ ಲೈಂಗಿಕ ಅಪರಾಧವನ್ನು ರಾಜಿ ಮಾಡಿಸುವುದಂತೂ ಸರ್ವಥಾ ಸಲ್ಲದು. ಪೋಕ್ಸೋ ಕಾಯ್ದೆಯ ಕಲಂ 19ರಂತೆ ವಿಷಯ ತಿಳಿದವರು ವರದಿ ಮಾಡಲೇಬೇಕು. ಮಾಡದಿದ್ದರೆ ಕಲಂ 21ರಡಿ ಅವರೇ ಆರೋಪಿಗಳಾಗುತ್ತಾರೆ. ಮದುವೆ ಮಾಡಿಸಿ ಮುಗಿಸೋಣವೆಂದು ಹೊರಟ ಹಿರಿಯರಿಗೆ ಇದನ್ನು ನೇರವಾಗಿ ಹೇಳಬೇಕಾದವರು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯ ಸದಸ್ಯರು.

ವಯಸ್ಸಿನ ದಾಖಲೆ

18 ವರ್ಷ ತುಂಬದವರನ್ನು ಠಾಣೆಯ ಲಾಕಪ್‌ನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಜಿಲ್ಲೆಯ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯು ಬುದ್ಧಿವಾದ, ಸಮಾಲೋಚನೆ, ಸಮುದಾಯ ಸೇವೆ, ಪರಿವೀಕ್ಷಣೆ ಮುಂತಾದ ಆದೇಶಗಳನ್ನು ನೀಡಬಹುದು. ವಯಸ್ಸಿನ ಬಗ್ಗೆ ಸಂಶಯ ಬಂದಾಗ ಬಾಲ ನ್ಯಾಯ ಅಧಿನಿಯಮ, 2015ರ ಕಲಂ 94ರ ಪ್ರಕಾರ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರವನ್ನು. ಅದಿಲ್ಲದಿದ್ದರೆ ನಗರಪಾಲಿಕೆ, ಪುರಸಭೆ ಅಥವಾ ಪಂಚಾಯತಿ ನೀಡಿದ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದಾಗ ಮಾತ್ರ ಎಲುಬಿನ ಪರೀಕ್ಷೆ ಮುಂತಾದ ವೈದ್ಯಕೀಯ ಪರೀಕ್ಷೆ. ಅದರಿಂದ ಸಿಗುವುದು ಅಂದಾಜು ಮಾತ್ರ. ಶಾಲೆ ಬಿಟ್ಟ, ಮನೆಯಲ್ಲಿಯೇ ಹುಟ್ಟಿದ, ಹೆತ್ತವರು ಕೂಲಿಗೆ ವಲಸೆ ಹೋದ ಹುಡುಗನಿಗೆ ಆ ಎರಡನೆಯ ಕಾಗದವೇ ಆಧಾರ. ಅದು ಸಿಗದಿದ್ದರೆ ಹದಿನೇಳರ ಹುಡುಗ ವಯಸ್ಕರ ಜೊತೆ ಜೈಲಿಗೆ ಹೋಗುವ ಸಂಭವವಿದೆ. ಜನನಗಳನ್ನು ಸಕಾಲದಲ್ಲಿ ನೋಂದಾಯಿಸುವುದು, ಹಾಡಿ, ಕ್ಯಾಂಪು, ತೋಟದ ಲೈನ್ ಮನೆಗಳಲ್ಲಿ ಬಿಟ್ಟುಹೋದ ಹೆಸರುಗಳನ್ನು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ವಹಿಗಳೊಂದಿಗೆ ತಾಳೆ ನೋಡುವುದು, ತಡವಾದ ನೋಂದಣಿಗೆ ನಿಯಮಾನುಸಾರ ಅರ್ಜಿ ಹಾಕಿಸುವುದು ಸದಸ್ಯರು ಮುಂದಿನ ವಾರ್ಡ್ ಸಭೆಯಲ್ಲಿಯೇ ಕೈಗೆತ್ತಿಕೊಳ್ಳಬಹುದಾದ ಕೆಲಸ.